ಅರ್ಧ ಪಾಟ್ ಬಂದ ಕೈಗಳನ್ನೇ ಮೊದಲು ನೋಡಿ

ಪ್ರಶ್ನೆ: ವಿರಾಜಪೇಟೆಯಲ್ಲಿ ಗೆಳೆಯರ ಮನೆಯಲ್ಲಿ ಒಮಾಹಾ ಹೈ-ಲೋ ಎಂಬ ಪೋಕರ್ ಇಸ್ಪೀಟಾಟ ಆಡಿದೆ. ಮೇಲಿಂದ ಮೇಲೆ ಪಾಟ್‌ನಲ್ಲಿ (ಎಲ್ಲರೂ ಹಾಕಿದ ಬಿಲ್ಲೆಗಳ ರಾಶಿಯಲ್ಲಿ) ಪಾಲು ಸಿಗುತ್ತಲೇ ಇತ್ತು. ಆದರೂ ಆಟ ಮುಗಿಯುವಾಗ ನನ್ನೆದುರು ಒಂದು ಬಿಲ್ಲೆಯೂ ಉಳಿದಿರಲಿಲ್ಲ. ಇದು ದುರದೃಷ್ಟವೇ, ನನ್ನ ಆಟದಲ್ಲೇ ದೋಷವಿದೆಯೇ? ಸೋತ ಆಟದಿಂದ ಕಲಿಯುವುದು ಹೇಗೆ? ಮುಂದಿನ ಸಲ ಹೆಚ್ಚು ಬಿಲ್ಲೆ ಇಟ್ಟುಕೊಂಡು ಕೂರಲೇ?

ಉತ್ತರದ ಮುಕ್ಕಾಲು ಪಾಲು ನಿಮ್ಮ ಪ್ರಶ್ನೆಯಲ್ಲೇ ಇದೆ. ಪಾಲು ಸಿಗುತ್ತಲೇ ಇತ್ತು, ಆದರೂ ಬರಿಗೈ ಆಯಿತು ಎಂದಿದ್ದೀರಿ. ಪಾಟ್ ಎರಡಾಗಿ ಒಡೆಯುವ ಆಟದಲ್ಲಿ ನಷ್ಟ ಬಹುಮಟ್ಟಿಗೆ ಹೀಗೆಯೇ ಆಗುತ್ತದೆ. ಪೂರ್ತಿ ಸೋತ ಕೈಗಳು (ಒಮ್ಮೆ ಎಲೆ ಹಂಚಿ ಆಡಿದ ಸುತ್ತುಗಳು) ಮನಸ್ಸಿನಲ್ಲಿ ಕೊರೆಯುತ್ತಿರುತ್ತವೆ, ಹಾಗಾಗಿ ಮರುದಿನ ಅವುಗಳನ್ನೇ ಕೆದಕುತ್ತೇವೆ. ಪಾಲು ಬಂದ ಕೈಗಳನ್ನು ಗೆದ್ದ ಲೆಕ್ಕಕ್ಕೆ ಬರೆದು ಮರೆತುಬಿಡುತ್ತೇವೆ. ನನ್ನ ಸಲಹೆ ಇಷ್ಟೇ: ಸೋತ ಕೈಗಳನ್ನು ಸದ್ಯಕ್ಕೆ ಬದಿಗಿಡಿ, ಪಾಲು ಬಂದ ಕೈಗಳನ್ನು ಒಂದೊಂದಾಗಿ ತೆಗೆದು ಲೆಕ್ಕ ಹಾಕಿ.

ನಾನು ಗೋಣಿಕೊಪ್ಪಲು ಕಡೆಯ ಸಣ್ಣ ಬೆಳೆಗಾರ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆ ಹಿಡಿಯಿತೆಂದರೆ ತೋಟದಲ್ಲಿ ಕೆಲಸ ಸಾಗುವುದಿಲ್ಲ, ಕರೆಂಟೂ ಇರುವುದಿಲ್ಲ. ಎಮರ್ಜೆನ್ಸಿ ದೀಪ ಹಚ್ಚಿಕೊಂಡು ಇಸ್ಪೀಟಿಗೆ ಕೂರುವುದು ನಮ್ಮ ಮನೆಯಲ್ಲಿ ಹಳೆಯ ಅಭ್ಯಾಸ. ರಮ್ಮಿ, ಇಪ್ಪತ್ತೆಂಟು ಆಡಿ ಬೆಳೆದವರೇ ಈಗ ಒಮಾಹಾ ಕಲಿತು ಆಡುತ್ತಿದ್ದಾರೆ. ನಮ್ಮ ಆಟದಲ್ಲಿ ಹಣ ಇಲ್ಲ. ಪ್ಲಾಸ್ಟಿಕ್ ಬಿಲ್ಲೆಗಳು ಮಾತ್ರ, ಆಟ ಮುಗಿದ ಮೇಲೆ ಎಲ್ಲವೂ ಡಬ್ಬಿಗೆ ವಾಪಸ್. ಹಾಗೆಂದು ಯಾರೂ ಹಗುರವಾಗಿ ಆಡುವುದಿಲ್ಲ. ಬಿಲ್ಲೆಯ ಲೆಕ್ಕ ನಮ್ಮಲ್ಲಿ ಕಾಫಿ ಚೀಲದ ಲೆಕ್ಕದಷ್ಟೇ ಕಟ್ಟುನಿಟ್ಟು.

ಈ ಉತ್ತರವನ್ನು ಹೊಸಬರೂ ಓದಬಹುದು, ಆದ್ದರಿಂದ ನಿಯಮವನ್ನು ಚುಟುಕಾಗಿ ಹೇಳುತ್ತೇನೆ. ಪ್ರತಿಯೊಬ್ಬರಿಗೂ ನಾಲ್ಕು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಿಂದ ಎರಡೇ ಎರಡು, ಮೇಜಿನಿಂದ ಮೂರೇ ಮೂರು ಬಳಸಬೇಕು. ಪಾಟ್‌ನ ಅರ್ಧ ದೊಡ್ಡ ಕೈಗೆ, ಇನ್ನರ್ಧ ಸಣ್ಣ ಕೈಗೆ. ಸಣ್ಣದು, ಅಂದರೆ ಲೋ, ಆಗಬೇಕಾದರೆ 8 ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆ ಬೇರೆ ಎಲೆ ಬೇಕು. ಎಕ್ಕ ಎರಡೂ ಕಡೆಗೆ ನಡೆಯುತ್ತದೆ. ಮೇಜಿನ ಮೇಲೆ ಅಂಥ ಮೂರು ಬೇರೆ ಬೇರೆ ಸಣ್ಣ ಎಲೆ ಬೀಳದಿದ್ದರೆ ಯಾರಿಗೂ ಲೋ ಇಲ್ಲ, ಪಾಟ್ ಪೂರ್ತಿ ದೊಡ್ಡ ಕೈಗೆ ಹೋಗುತ್ತದೆ. ಆ ಎಲೆಗಳು ಸ್ಟ್ರೈಟ್ (ಐದೂ ಸಾಲಾಗಿ) ಅಥವಾ ಫ್ಲಶ್ (ಐದೂ ಒಂದೇ ಜಾತಿ) ಆದರೂ ಲೋಗೆ ಅಡ್ಡಿಯಿಲ್ಲ.

ಈಗ ಪಾಲಿನ ವಿಷಯ. ನಿಮ್ಮ ಕೈಯಲ್ಲಿ ಎಕ್ಕ, 2, ರಾಜ, 9 ಇದೆ ಎನ್ನಿ. ಮೇಜಿನ ಮೇಲೆ 3, 6, ರಾಣಿ, 8, ಗುಲಾಮ. ಎಲ್ಲಕ್ಕಿಂತ ಒಳ್ಳೆಯ ಲೋ ನಿಮ್ಮದೇ: 8, 6, 3, 2, ಎಕ್ಕ. ದೊಡ್ಡ ಕೈ ಕಡೆಗೆ ನಿಮಗೆ ಏನೂ ಇಲ್ಲ. ಆಟದಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬರ ಬಳಿ 10, 9 ಇದ್ದು ಸ್ಟ್ರೈಟ್ ಆಗಿದೆ. ಇನ್ನೊಬ್ಬರ ಬಳಿಯೂ ಎಕ್ಕ, 2. ಮೂವರೂ ತಲಾ 400 ಬಿಲ್ಲೆ ಹಾಕಿದ್ದರೆ ಪಾಟ್ 1200. ಸ್ಟ್ರೈಟಿಗೆ 600, ಉಳಿದ 600 ನಿಮ್ಮಿಬ್ಬರಿಗೆ ತಲಾ 300. ಮುನ್ನೂರು ಬಿಲ್ಲೆ ನಿಮ್ಮ ಕಡೆಗೆ ತಳ್ಳುತ್ತಾರೆ, ನೀವು ಎರಡೂ ಕೈಯಿಂದ ಬಾಚಿಕೊಳ್ಳುತ್ತೀರಿ, ಗೆದ್ದ ಹಾಗೆಯೇ ಅನ್ನಿಸುತ್ತದೆ. ಹಾಕಿದ್ದು 400, ಬಂದದ್ದು 300. ಮೂವರೂ 800 ಹಾಕಿದ್ದರೆ ನಷ್ಟವೂ ಇಮ್ಮಡಿ, 200. ನಿಮಗಿಂತ ಒಳ್ಳೆಯ ಲೋ ಮೇಜಿನಲ್ಲಿ ಯಾರಿಗೂ ಇಲ್ಲದಿದ್ದರೂ ನೀವು ರೈಸ್ ಮಾಡಿದಷ್ಟೂ, ಅಂದರೆ ಪಣ ಏರಿಸಿದಷ್ಟೂ, ಕಳೆದುಕೊಳ್ಳುತ್ತೀರಿ.

ಕಾಲು ಪಾಟ್ ಬಂದಾಗ ಹಾಕಿದ್ದು ಹಾಗೆಯೇ ವಾಪಸ್ ಬರಬೇಕಾದರೆ ನಾಲ್ವರು ಸಮನಾಗಿ ಹಾಕಿರಬೇಕು. ಐವರಿದ್ದರೆ ಲಾಭ. ಮೂವರಿದ್ದರೆ ನಷ್ಟ. ನೀವಿಬ್ಬರೇ ಇದ್ದು, ಎದುರಿನವರ ಬಳಿ ಅದೇ ಲೋ ಜೊತೆಗೆ ಒಂದು ಜೋಡಿಯೂ ಇದ್ದರೆ, ನೀವು ಹಾಕಿದ್ದರಲ್ಲಿ ಅರ್ಧ ಹೋಯಿತು. ಹಾಗೆಂದು ಎಲೆ ಕೆಳಗಿಡಬೇಕು ಎಂದಲ್ಲ. ಪಾಟ್‌ನಲ್ಲಿ ಆಗಲೇ 1200 ಇದ್ದು, ಕೊನೆಯ ಎಲೆಗೆ ಒಬ್ಬರು 200 ಹಾಕಿ ಇನ್ನೊಬ್ಬರು ಕಾಲ್ ಮಾಡಿದರೆ, ಅಂದರೆ ಅಷ್ಟನ್ನೇ ಹಾಕಿ ಆಟದಲ್ಲಿ ಉಳಿದರೆ, ನೀವೂ 200 ಹಾಕಲೇಬೇಕು. ಪಾಟ್ 1800 ಆಗುತ್ತದೆ, ಕಾಲು ಪಾಲೆಂದರೂ 450. ಕಾಲ್ ಸರಿ. ಅದರ ಮೇಲೆ ಮಾಡುವ ರೈಸ್ ತಪ್ಪು: ಮೂವರೂ ಇನ್ನೊಂದು 200 ಹಾಕಿದರೆ ಬೆಳೆಯುವ 600ರಲ್ಲಿ ನಿಮ್ಮ ಪಾಲು 150. ನಮ್ಮ ಮೇಜಿನಲ್ಲಿ ಕೂರುವ ನಿವೃತ್ತ ಸುಬೇದಾರರೊಬ್ಬರು ಬರೀ ಎಕ್ಕ-2 ಇಟ್ಟುಕೊಂಡು ಯಾರಾದರೂ ಹುರುಪಿನಿಂದ ಬಿಲ್ಲೆ ಎತ್ತಿದರೆ, "ಇನ್ನೊಂದು ಎಕ್ಕ-ಎರಡು ಯಾರ ಹತ್ತಿರ ಇದೆ, ಯೋಚನೆ ಮಾಡಿದಿರಾ?" ಎಂದು ಕೇಳುತ್ತಾರೆ. ಎಲ್ಲರೂ ಎಕ್ಕ-2 ಹಿಡಿದೇ ಒಳಗೆ ಬರುವ ಆಟ ಇದು, ಆದ್ದರಿಂದ ಆ ಪ್ರಶ್ನೆ ಪ್ರತಿ ಸಲವೂ ಸರಿಯಾದದ್ದೇ.

ಎರಡನೆಯದು, ಲೋ ಬರುತ್ತದೆಂದು ಕಾಯುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಬಿಲ್ಲೆ ಕಳೆಯುವುದು ಇಲ್ಲೇ. ಕೈಯಲ್ಲಿ ಎಕ್ಕ, 2, ಗುಲಾಮ, 9. ಫ್ಲಾಪ್‌ನಲ್ಲಿ, ಅಂದರೆ ಮೇಜಿಗೆ ಮೊದಲು ಬೀಳುವ ಮೂರು ಎಲೆಗಳಲ್ಲಿ, 4, 7, ರಾಜ. ಲೋ ಪೂರ್ತಿಯಾಗಲು 3, 5, 6, 8 ಇವುಗಳಲ್ಲಿ ಯಾವುದಾದರೂ ಒಂದು ಬೀಳಬೇಕು. ಕಾಣದ 45 ಎಲೆಗಳಲ್ಲಿ ಅಂಥವು 16. ಇನ್ನೆರಡು ಎಲೆ ಬೀಳುವಾಗ ಸಾಧ್ಯತೆ ನೂರಕ್ಕೆ 59. ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಈಗ ಪಾಟ್ 300 ಇದೆ, ಎದುರಿಗೆ ಒಬ್ಬರೇ, ಅವರು ತಮ್ಮಲ್ಲಿ ಉಳಿದ 300 ಬಿಲ್ಲೆಯನ್ನೂ ಹಾಕಿ ಆಲ್ ಇನ್ ಹೋಗುತ್ತಾರೆ. ನೀವು ಕಾಲ್ ಮಾಡಿದರೆ ಪಾಟ್ 900, ಲೋ ಬಂದರೆ ನಿಮಗೆ 450. ನೂರಕ್ಕೆ 59 ಸಲ 450 ಎಂದರೆ ಸರಾಸರಿ ಸುಮಾರು 265. ಅದಕ್ಕೆ ನೀವು ಕೊಡುತ್ತಿರುವ ಬೆಲೆ 300. ಹೆಚ್ಚು ಸಲ ಗುರಿ ಮುಟ್ಟುವ ಕೈಯೇ ಆದರೂ ಆ ಕಾಲ್ ನಷ್ಟದ್ದು. ಅದೇ ಜಾಗದಲ್ಲಿ ಮೂರನೆಯವರೊಬ್ಬರು ದೊಡ್ಡ ಎಲೆ ಹಿಡಿದು 300 ಹಾಕಿದ್ದರೆ ಪಾಟ್ 1200, ನಿಮ್ಮ ಅರ್ಧ 600, ಸರಾಸರಿ 354. ಈಗ ಅದೇ ಕಾಲ್ ಲಾಭದ್ದು. ನಿಮ್ಮ ಎಲೆಯೂ ಮೇಜಿನ ಎಲೆಯೂ ಬದಲಾಗಿಲ್ಲ, ಬದಲಾದದ್ದು ಒಳಗಿರುವ ಜನರ ಸಂಖ್ಯೆ. ಎದುರಿಗೆ ಒಬ್ಬರೇ ಉಳಿದಾಗ ಬರೀ ಲೋಗೆ ಓಡುವವರಿಗೆ ಸಿಗುವ ಬಹುಮಾನ ಮುಖ್ಯವಾಗಿ ತಮ್ಮದೇ ಬಿಲ್ಲೆ. ತಪ್ಪಿದರೆ ಹೋಗುವುದು ಮಾತ್ರ ಪೂರ್ತಿ.

ಫ್ಲಾಪ್‌ನಲ್ಲಿ ಸಣ್ಣ ಎಲೆ ಒಂದೇ ಬಿದ್ದಿದ್ದರೆ, ಉದಾಹರಣೆಗೆ 4, ರಾಜ, ರಾಣಿ, ಆಗ ಮುಂದಿನ ಎರಡೂ ಎಲೆ ಸಣ್ಣವೇ ಆಗಿ, ಬೇರೆ ಬೇರೆಯೂ ಆಗಬೇಕು. ಅದರ ಸಾಧ್ಯತೆ ನೂರಕ್ಕೆ 16. ಎಕ್ಕ-2 ಇದೆ ಎಂಬ ಮಮತೆಗೆ ಅಲ್ಲಿ ಒಂದು ಬಿಲ್ಲೆಯನ್ನೂ ಹಾಕಬಾರದು.

ಇನ್ನು ನೀವು ದುರದೃಷ್ಟ ಎಂದು ಬರೆದಿದ್ದೀರಲ್ಲ, ಅದಕ್ಕೆ ಬರುತ್ತೇನೆ. ಕೈಯಲ್ಲಿ ಎಕ್ಕ, 2, ಗುಲಾಮ, 10. ಫ್ಲಾಪ್ 3, 7, 8. ಲೋ ಆಗಿಯೇ ಹೋಗಿದೆ, ನಿಮಗಿಂತ ಒಳ್ಳೆಯದು ಯಾರಿಗೂ ಇಲ್ಲ. ಕೊನೆಯ ಎಲೆ 2 ಬೀಳುತ್ತದೆ. ನಿಮ್ಮ ಕೈಯ 2 ಮೇಜಿಗೂ ಬಂದು ಅದರ ಬೆಲೆ ಹೋಯಿತು. ನಿಮ್ಮದು ಈಗಲೂ 8, 7, 3, 2, ಎಕ್ಕ. ಎಕ್ಕ-4 ಹಿಡಿದವರಿಗೆ 7, 4, 3, 2, ಎಕ್ಕ ಆಗಿ ಅವರು ಮುಂದೆ. ಮೇಜಿನಲ್ಲಿ ಎಲ್ಲರೂ ಛೆ ಎನ್ನುತ್ತಾರೆ. ಆದರೆ ಲೆಕ್ಕ ನೋಡಿ: ಉಳಿದ ಮೂರು ಎಕ್ಕ, ಮೂರು 2, ಒಟ್ಟು ಆರು ಎಲೆ. ಇನ್ನೆರಡು ಎಲೆ ಬೀಳುವಾಗ ಇವುಗಳಲ್ಲೊಂದು ಬರುವ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕರಲ್ಲೊಂದು. ನಾಲ್ಕು ಸಲಕ್ಕೊಮ್ಮೆ ಆಗುವುದನ್ನು ಅಪಘಾತ ಎಂದು ಬರೆದುಕೊಂಡರೆ ಕಲಿಯಲು ಏನೂ ಉಳಿಯುವುದಿಲ್ಲ. ನಿಮ್ಮ ನಾಲ್ಕನೆಯ ಎಲೆ 10ರ ಬದಲು 4 ಆಗಿದ್ದಿದ್ದರೆ ಆ 2 ಬಿದ್ದರೂ ಎಕ್ಕ-4ರಿಂದ ಲೋ ನಿಮ್ಮ ಬಳಿಯೇ ಉಳಿಯುತ್ತಿತ್ತು. ಪಾಠ ಇರುವುದು ಕೊನೆಯ ಎಲೆಯಲ್ಲಲ್ಲ, ಮೊದಲು ಒಳಗೆ ಬರುವಾಗ ಆರಿಸಿದ ಎಲೆಗಳಲ್ಲಿ.

ಕಾಫಿ ತೋಟದ ನೆರಳು ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಒಂದೇ ನೆಲದಲ್ಲಿ ಎರಡು ಫಸಲು. ಒಂದರ ಧಾರಣೆ ಬಿದ್ದರೆ ಇನ್ನೊಂದು ವರ್ಷವನ್ನು ದಾಟಿಸುತ್ತದೆ. ಹೈ-ಲೋಗೆ ಕೈ ಆರಿಸುವಾಗಲೂ ಕೇಳಿಕೊಳ್ಳಬೇಕಾದದ್ದು ಇದನ್ನೇ: ಈ ನಾಲ್ಕು ಎಲೆ ಎರಡೂ ಕಡೆಗೆ ದುಡಿಯುತ್ತವೆಯೇ? ಎಕ್ಕ, 2, 3 ಜೊತೆಗೆ ಎಕ್ಕದ ಜಾತಿಯದೇ ಇನ್ನೊಂದು ಎಲೆ ಇದ್ದರೆ ಲೋಗೂ ಸೈ, ಫ್ಲಶ್‌ಗೂ ಸೈ. ರಾಜ, ರಾಣಿ, ಗುಲಾಮ, 10 ಬರೀ ದೊಡ್ಡ ಕಡೆಗೇ ಆದರೂ ಪರವಾಗಿಲ್ಲ. ಮೇಜಿನ ಮೇಲೆ ದೊಡ್ಡ ಎಲೆಗಳೇ ಬಿದ್ದರೆ ಲೋ ಇಲ್ಲದೆ ಪಾಟ್ ಪೂರ್ತಿ ಸಿಗಬಹುದು, ಬೀಳದಿದ್ದರೆ ಫ್ಲಾಪ್‌ನಲ್ಲೇ ಎಲೆ ಕೆಳಗಿಟ್ಟುಬಿಡಬಹುದು. ನಿಜವಾದ ತೊಂದರೆ 6, 7, 8, 9ರಂಥ ಕೈಗಳದ್ದು. ನಾಲ್ಕೂ ಸಾಲಾಗಿ ನಿಂತಿರುವುದರಿಂದ ರಮ್ಮಿ ಆಡಿ ಬೆಳೆದ ಕಣ್ಣಿಗೆ ತುಂಬ ಚೆಂದ ಕಾಣುತ್ತವೆ. ಇವುಗಳಿಂದ ಸ್ಟ್ರೈಟ್ ಆದಾಗ ಮೇಜಿನ ಮೇಲೆ ಸಾಮಾನ್ಯವಾಗಿ ಸಣ್ಣ ಎಲೆಗಳೂ ಇರುತ್ತವೆ, ಅರ್ಧ ಪಾಟ್ ಲೋಗೆ ಹೋಗುತ್ತದೆ. ದೊಡ್ಡ ಎಲೆಗಳು ಬಿದ್ದು ಸ್ಟ್ರೈಟ್ ಆದರೆ ಇನ್ನೊಬ್ಬರ ಬಳಿ ಅದಕ್ಕಿಂತ ದೊಡ್ಡದಿರಬಹುದು. ನಾಲ್ಕು ಎಲೆಯಿಂದ ಎರಡೆರಡಾಗಿ ಆರು ಜೋಡಿ ಮಾಡಬಹುದು, ಆರು ಜನ ಕೂತರೆ 36 ಜೋಡಿ. ಯಾರಿಗಾದರೂ ಏನಾದರೂ ಆಗಿಯೇ ಇರುತ್ತದೆ.

ಕಲಿಯುವ ವಿಧಾನ ಕೇಳಿದ್ದೀರಿ. ಹಿಂದೆ ಆ್ಯಪ್‌ಗಳಲ್ಲಿ ಆಡುತ್ತಿದ್ದವರಿಗೆ ಪ್ರತಿ ಕೈಯ ದಾಖಲೆ ತಾನಾಗಿ ಸಿಗುತ್ತಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದಿತು. ಮನೆಯ ಆಟಕ್ಕಂತೂ ದಾಖಲೆ ಎಂದರೆ ನೀವು ಬರೆದದ್ದಷ್ಟೇ. ನಾನು ತೋಟದ ಹಳೆಯ ಚೆಕ್‌ರೋಲ್ (ಕೆಲಸಗಾರರ ಹಾಜರಿ) ಪುಸ್ತಕದ ಖಾಲಿ ಹಾಳೆಗಳನ್ನು ಬಳಸುತ್ತೇನೆ, ಅಂಕಣ ಗೆರೆ ಆಗಲೇ ಹಾಕಿರುತ್ತದೆ. ಕೈ ಮುಗಿದ ಕೂಡಲೇ ನಾಲ್ಕು ಎಲೆ, ಯಾವ ಅರ್ಧಕ್ಕೆ ಹೋದದ್ದು, ಕೊನೆಯವರೆಗೆ ಎಷ್ಟು ಜನ ಉಳಿದರು, ಎಷ್ಟು ಹಾಕಿದ್ದು, ಎಷ್ಟು ಬಂದದ್ದು. ಎಲ್ಲ ಕೈಯನ್ನೂ ಬರೆಯುವ ಅಗತ್ಯವಿಲ್ಲ, ದೊಡ್ಡ ಪಾಟ್‌ಗಳು ಸಾಕು. ಮರುದಿನ ಮೊದಲು ಮಾಡುವ ಕೆಲಸ: ಏನಾದರೂ ಬಂದ ಕೈಗಳಲ್ಲಿ, ಬಂದದ್ದು ಹಾಕಿದ್ದಕ್ಕಿಂತ ಕಡಿಮೆ ಇರುವ ಸಾಲುಗಳಿಗೆ ಗುರುತು ಹಾಕುವುದು. ಗುರುತು ಹಾಕಿದ ಸಾಲುಗಳಲ್ಲಿ ಜನ ಮೂವರೋ ಇಬ್ಬರೋ ಇದ್ದರಾ, ಕೊನೆಯ ರೈಸ್ ಮಾಡಿದವರು ನೀವೇ ಆಗಿದ್ದಿರಾ ಎಂದು ನೋಡಿ. ಉತ್ತರ ಹೌದಾದರೆ ನಿಮ್ಮ ನಷ್ಟದ ದಾರಿ ಅಲ್ಲೇ ಇದೆ.

ಅದೃಷ್ಟ ಇಲ್ಲವೆನ್ನುತ್ತಿಲ್ಲ. ನೂರಕ್ಕೆ 59ರ ಕೈ ಒಂದು ಸಂಜೆಯಲ್ಲಿ ಕೆಲವೇ ಸಲ ಬರುತ್ತದೆ. ಅಷ್ಟರಲ್ಲಿ ಎಲ್ಲವೂ ತಪ್ಪಬಹುದು, ಎಲ್ಲವೂ ಬೀಳಬಹುದು. ಅದಕ್ಕಾಗಿಯೇ ಫಲಿತಾಂಶವನ್ನು ಬಿಟ್ಟು ಬಿಲ್ಲೆ ಹಾಕಿದ ಕ್ಷಣದ ಲೆಕ್ಕವನ್ನು ನೋಡಬೇಕು. ಮೂವರಿದ್ದಾಗ ಮಾಡಿದ ಸರಿಯಾದ ಕಾಲ್ ಸೋತಿದ್ದರೆ ಅದಕ್ಕೆ ಗುರುತು ಬೇಡ. ಒಬ್ಬರ ಎದುರು ಮಾಡಿದ ತಪ್ಪು ಕಾಲ್ ಗೆದ್ದಿದ್ದರೆ ಅದಕ್ಕೆ ಗುರುತು ಹಾಕಲೇಬೇಕು, ಮನಸ್ಸು ಎಷ್ಟೇ ಬೇಡವೆಂದರೂ. ಹೊತ್ತನ್ನೂ ಬರೆದುಕೊಳ್ಳಿ. ಊಟವಾಗಿ, ರಾತ್ರಿ ಏರಿದ ಮೇಲೆ ಎಲ್ಲರೂ ಹೆಚ್ಚು ಕೈಗಳಿಗೆ ಒಳಗೆ ಬರುತ್ತಾರೆ. ನಿಮ್ಮ ಗುರುತುಗಳೆಲ್ಲ ಆ ಹೊತ್ತಿನಲ್ಲೇ ಇದ್ದರೆ ಬೇಗ ಏಳುವುದು ಒಳ್ಳೆಯದು.

ಹೆಚ್ಚು ಬಿಲ್ಲೆ ಇಟ್ಟುಕೊಂಡು ಕೂರಬೇಕೇ ಎಂದಿದ್ದೀರಿ. ಬೇಡ. ಕಾಲು ಪಾಟ್‌ಗೆ ರೈಸ್ ಮಾಡುವ ಅಭ್ಯಾಸ ಹಾಗೇ ಇದ್ದರೆ ಬಿಲ್ಲೆ ಹೆಚ್ಚಾದಷ್ಟೂ ನಷ್ಟ ಹಿಗ್ಗುತ್ತದೆ. ನೀವು ಪಾಟ್ ಲಿಮಿಟ್ (ಪಾಟ್‌ನಷ್ಟರವರೆಗೆ ಹಾಕಬಹುದಾದ ಆಟ) ಆಡಿದಿರೋ ನಿಗದಿತ ಲಿಮಿಟ್ (ಪ್ರತಿ ಸಲ ಗೊತ್ತುಪಡಿಸಿದಷ್ಟೇ ಹಾಕುವ ಆಟ) ಆಡಿದಿರೋ ಬರೆದಿಲ್ಲ. ಪಾಟ್ ಲಿಮಿಟ್ ಆಗಿದ್ದರೆ, ಕೆಲವು ವಾರ ನಿಗದಿತ ಲಿಮಿಟ್‌ನಲ್ಲಿ ಆಡೋಣವೆಂದು ಆ ಗೆಳೆಯರನ್ನು ಕೇಳಿ ನೋಡಿ. ಒಂದೊಂದು ತಪ್ಪಿನ ಬೆಲೆ ಸಣ್ಣದಾಗುತ್ತದೆ, ಹೆಚ್ಚು ಕೈಗಳನ್ನು ಕೊನೆಯವರೆಗೆ ನೋಡಲು ಸಿಗುತ್ತದೆ, ಪುಸ್ತಕ ಬೇಗ ತುಂಬುತ್ತದೆ. ಆ ಸಂಜೆಯ ಎರಡು ಮೂರು ಕೈಗಳು ಎಲೆ ಸಮೇತ ನೆನಪಿದ್ದರೆ ಇಲ್ಲೇ ಬರೆಯಿರಿ. ಎಷ್ಟು ಜನರಿದ್ದರು ಎಂಬುದನ್ನು ಮರೆಯದೆ ಹಾಕಿ, ಲೆಕ್ಕ ಮಾಡಿ ಹೇಳುತ್ತೇನೆ.