ಓದುಗರ ಪ್ರಶ್ನೆ: ಕಿಟ್ ಬದಲು ಮೀಟರ್ ರೀಡಿಂಗ್ ಕೇಳುವ ಅಂಗಡಿ

ಪ್ರಶ್ನೆ: ಮುಂಬೈನ ಲ್ಯಾಮಿಂಗ್ಟನ್ ರೋಡಿನ ಸಣ್ಣ ಅಂಗಡಿಯೊಂದರಿಂದ ಟಿಡಿಎ 2030 ಐಸಿಯ ಸ್ಟೀರಿಯೋ ಆಂಪ್ಲಿಫೈಯರ್ ಕಿಟ್ ತಂದು, 12-0-12 (ಮಧ್ಯದ ತಂತಿಯ ಎರಡೂ ಕಡೆ 12 ವೋಲ್ಟ್ ಕೊಡುವ) ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿದೆ. ಮೇಜಿನ ಮೇಲೆ ಚೆನ್ನಾಗಿ ಹಾಡಿತು. ತಗಡಿನ ಕ್ಯಾಬಿನೆಟ್‌ಗೆ ಕೂರಿಸಿದ ಮೇಲೆ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತಿದೆ. ಬದಲಿ ಕಿಟ್ ಕೇಳಿದರೆ ಅಂಗಡಿಯವರು ಬೋರ್ಡಿನ ಎರಡೂ ಬದಿಯ ಫೋಟೋ, ಮೀಟರ್ ರೀಡಿಂಗ್ ಕಳಿಸಿ ಎನ್ನುತ್ತಾರೆ. ಜಾರಿಕೊಳ್ಳುತ್ತಿದ್ದಾರೆಯೇ?
— ಓದುಗರು, ಡೊಂಬಿವಲಿ

ಉತ್ತರ: ಖಂಡಿತ ಇಲ್ಲ. ಹೊಸ ಕಿಟ್ ಕೊಟ್ಟು ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಿತ್ತು. ಆದರೆ ಅದೇ ಕ್ಯಾಬಿನೆಟ್‌ನಲ್ಲಿ ಆ ಕಿಟ್ಟಿನ ಫ್ಯೂಸೂ ಹೋಗುತ್ತಿತ್ತು. ಇಂಥ ಅಂಗಡಿ ಸಿಕ್ಕಿದ್ದು ನಿಮ್ಮ ಪುಣ್ಯ.

ಮೇಜಿನ ಮೇಲೆ ಹಾಡಿದ್ದು ಪೆಟ್ಟಿಗೆಯಲ್ಲಿ ಕೆಟ್ಟರೆ ಮೊದಲು ನೋಡಬೇಕಾದ್ದು ಹೀಟ್‌ಸಿಂಕ್, ಅಂದರೆ ಐಸಿಯ ಶಾಖ ಹೀರುವ ಲೋಹದ ತುಂಡು. ಈ ಐಸಿಯ ಬೆನ್ನಿನ ಲೋಹ ಒಳಗೇ 3ನೇ ಕಾಲಿಗೆ, ಅಂದರೆ ನೆಗೆಟಿವ್ ಸಪ್ಲೈಗೆ ಸೇರಿರುತ್ತದೆ. ಕ್ಯಾಬಿನೆಟ್ ಗ್ರೌಂಡ್‌ಗೆ ಸೇರಿದ್ದರೆ, ಹೀಟ್‌ಸಿಂಕ್ ಅದಕ್ಕೆ ತಾಗಿದೊಡನೆ ನೆಗೆಟಿವ್ ಪೂರ್ತಿ ಶಾರ್ಟ್. ಒಂಟಿ ಸಪ್ಲೈ (ಪ್ಲಸ್ ಮತ್ತು ಗ್ರೌಂಡ್ ಮಾತ್ರ ಇರುವ) ಕಿಟ್‌ಗಳಲ್ಲಿ 3ನೇ ಕಾಲೇ ಗ್ರೌಂಡ್ ಆದ್ದರಿಂದ ತೊಂದರೆ ಕಾಣುವುದಿಲ್ಲ. ಅವನ್ನು ಮಾಡಿ ಅಭ್ಯಾಸವಾದವರು ಇಲ್ಲೇ ಎಡವುತ್ತಾರೆ.

ಐಸಿ ಮತ್ತು ಹೀಟ್‌ಸಿಂಕ್ ನಡುವೆ ಮೈಕಾ (ಕರೆಂಟ್ ತಡೆದು ಶಾಖ ಬಿಡುವ ತೆಳು ಹಾಳೆ), ಸ್ಕ್ರೂ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ಬುಷ್ ಹಾಕಿ. ಮೈಕಾದ ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟ್ ತೆಳುವಾಗಿ ಸಾಕು. ತೂತಿನ ಅಂಚಿನ ಚೂಪು ಮೈಕಾವನ್ನು ಚುಚ್ಚುತ್ತದೆ; ದಪ್ಪ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಅಂಚು ಸವರಿ. ಕರೆಂಟ್ ತೆಗೆದು, 3ನೇ ಕಾಲು ಮತ್ತು ಹೀಟ್‌ಸಿಂಕ್ ನಡುವೆ ಮೀಟರನ್ನು ಬೀಪ್ ಮೋಡ್‌ನಲ್ಲಿಟ್ಟು ಹಿಡಿಯಿರಿ. (ಐಸಿಯ ಅಕ್ಷರ ನಮ್ಮ ಕಡೆಗಿದ್ದರೆ ಎಡದಿಂದ 1, 2, 3.) ಬೀಪ್ ಅರೆಕ್ಷಣ ಬಂದು ನಿಂತರೆ ಅದು ಕೆಪ್ಯಾಸಿಟರ್ ಚಾರ್ಜ್ ಆಗಿದ್ದು. ನಿಲ್ಲದಿದ್ದರೆ ಶಾರ್ಟ್ ಇನ್ನೂ ಇದೆ.

ಫ್ಯೂಸ್ ಹೊಸದು ಹಾಕುವ ಮುಂಚೆ ಮೇನ್ಸ್ ಲೈನಿಗೆ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಕೊಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಒಮ್ಮೆ ಮಿನುಗಿ ಮಂಕಾದರೆ ಸರಿ; ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ಆಮೇಲೆ ಗ್ರೌಂಡ್‌ಗೆ ಹೋಲಿಸಿ 4ನೇ ಕಾಲಿನ, ಅಂದರೆ ಸ್ಪೀಕರ್‌ಗೆ ಹೋಗುವ ಔಟ್‌ಪುಟ್‌ನ, ವೋಲ್ಟೇಜ್ ನೋಡಿ. ಸೊನ್ನೆಯ ಆಸುಪಾಸು ಇರಬೇಕು. ಹದಿನೈದು ವೋಲ್ಟ್ ತೋರಿಸಿದರೆ ಸ್ಪೀಕರ್ ಕೊಡಲೇಬೇಡಿ, ಕಾಯಿಲ್ ಸುಡುತ್ತದೆ.

ನಿಮ್ಮ ಟ್ರಾನ್ಸ್‌ಫಾರ್ಮರ್ ಬಗ್ಗೆಯೂ ಅಂಗಡಿಯವರನ್ನು ಕೇಳಿ. 12 ವೋಲ್ಟ್ ಎಸಿ ಡಿಸಿಯಾದಾಗ ಸುಮಾರು 16 ಆಗುತ್ತದೆ. ಲೋಡ್ ಇಲ್ಲದಾಗ ಇನ್ನೂ ಏರುತ್ತದೆ. ಟಿಡಿಎ 2030ರ ಮಿತಿ ಪ್ಲಸ್-ಮೈನಸ್ 18, 2030ಎ ಆದರೆ 22. ಬರೀ 2030 ಇದ್ದರೆ 9-0-9 ಹಾಕುವುದು ಲೇಸು.

3, 4, 5ನೇ ಕಾಲುಗಳ (5ನೇದು ಪ್ಲಸ್ ಸಪ್ಲೈ) ವೋಲ್ಟೇಜ್, ಬಲ್ಬ್ ಹೇಗೆ ಉರಿಯಿತು, ಹಗಲು ಬೆಳಕಿನ ಫೋಟೋ ಇಷ್ಟನ್ನೂ ಕಳಿಸಿ. ಕಿಟ್‌ನಲ್ಲಿ ಮೈಕಾ, ಬುಷ್ ಇರಲೇ ಇಲ್ಲವೆಂದಾದರೆ ಅದು ಅವರ ಕೊರತೆ, ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಐಸಿ ಬಹುಶಃ ಉಳಿದಿದೆ. ಜೋಡಣೆಯ ತಪ್ಪಿನಿಂದ ಸುಟ್ಟಿದ್ದರೆ ಅದರ ದುಡ್ಡು ನೀವು ಕೊಡುವುದೇ ನ್ಯಾಯ.

ಪ್ರಶ್ನೆ: ನಮ್ಮೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ತಪಕೀರ್ ಗಲ್ಲಿಯಲ್ಲಿ ಬಿಡಿ ಭಾಗ ಅಗ್ಗ. ಕಿಟ್‌ಗೆ ಹೆಚ್ಚು ಹಣ ಏಕೆ ಕೊಡಬೇಕು?
— ಓದುಗರು, ಪುಣೆ

ಉತ್ತರ: ಸರ್ಕ್ಯೂಟ್ ಓದಲು ಬಂದರೆ ಕೊಡಬೇಕಿಲ್ಲ. ಹೊಸಬರಿಗೆ ಆ ಹೆಚ್ಚುವರಿ ಹಣದಲ್ಲಿ ಸಿಗುವುದು ಭಾಗಗಳ ಪಟ್ಟಿ, ಸರಿಯಾದ ಬೋರ್ಡ್ ಮತ್ತು ಫೋನ್ ಎತ್ತುವ ಮನುಷ್ಯ. ಮೇಲಿನ ಆಂಪ್ಲಿಫೈಯರ್‌ಗೆ ಬಿಡಿಯಾಗಿಯೇ ಕೊಳ್ಳುವುದಾದರೆ ಸಪ್ಲೈನ ಕೆಪ್ಯಾಸಿಟರ್ 25 ವೋಲ್ಟಿನದೇ ಕೇಳಿ. 16 ವೋಲ್ಟಿನದು ಕೊಟ್ಟರೆ ಅಲ್ಲೇ ವಾಪಸ್ ಮಾಡಿ.