ಶ್ರಮದಾನದ ಬೆವರು: ಗುಂಡಿ ತೋಡುವವರು, ಹೂಳೆತ್ತುವವರು ಕೇಳಿದ ಪ್ರಶ್ನೆಗಳು

ವ್ಯಾಯಾಮಕ್ಕೆಂದು ತೆಗೆದಿಟ್ಟ ಹೊತ್ತನ್ನೇ ಊರ ಕೆಲಸಕ್ಕೂ ಕೊಡಬೇಕೆಂದಿರುವ ಓದುಗರ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಗಿಡಮರ ಬಲ್ಲವರೂ ಮೈಕೈ ನೋವಿನ ಚಿಕಿತ್ಸೆ ಬಲ್ಲವರೂ ಸೇರಿ ಉತ್ತರಿಸಿದ್ದಾರೆ.

ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾದ ಹನ್ನೆರಡು ಮಂದಿ ಇದ್ದೇವೆ. ಪಾರ್ಕ್ ಸುತ್ತುವ ಬದಲು ಬಡಾವಣೆಯ ರಸ್ತೆಬದಿಗೆ ಸಸಿ ನೆಡೋಣ ಎಂದುಕೊಂಡಿದ್ದೇವೆ. ಒಂದೇ ಭಾನುವಾರ ನೂರು ಸಸಿ ನೆಡಬಹುದೇ? — ದಾವಣಗೆರೆ

ನೂರು ಬೇಡ, ಇಪ್ಪತ್ತು ನೆಡಿ. ಎರಡು ಅಡಿ ಉದ್ದ, ಅಗಲ, ಆಳದ ಒಂದು ಗುಂಡಿಯಿಂದ ಸುಮಾರು 300 ಕಿಲೋ ಮಣ್ಣು ಹೊರಬರುತ್ತದೆ. ನೂರು ಗುಂಡಿಗೆ 30 ಟನ್. ಹನ್ನೆರಡು ಮಂದಿಗೆ ಹಂಚಿದರೂ ತಲೆಗೆ ಎರಡೂವರೆ ಟನ್ ಬೀಳುತ್ತದೆ. ವಾರವಿಡೀ ಕುರ್ಚಿಯಲ್ಲಿ ಕೂತ ಬೆನ್ನು ಇದನ್ನು ಒಂದು ಬೆಳಿಗ್ಗೆಯಲ್ಲಿ ತಾಳುವುದಿಲ್ಲ. ಬೆನ್ನು ಹೇಗೋ ತಾಳಿದರೂ ಬರುವ ಬೇಸಿಗೆಯಲ್ಲಿ ನೂರು ಸಸಿಗೆ ನೀರು ಹೊರುವವರು ಯಾರು? ಜೂನ್‌ನಲ್ಲಿ ನೆಟ್ಟ ಸಸಿ ಸಾಯುವುದು ಹೆಚ್ಚಾಗಿ ಮಾರ್ಚ್ ಏಪ್ರಿಲ್‌ನಲ್ಲಿ, ಅದನ್ನು ನೆಟ್ಟವರ ಉತ್ಸಾಹ ಇಳಿದ ಮೇಲೆ.

ಗುಂಡಿಯ ಕೆಲಸವನ್ನು ಏಪ್ರಿಲ್, ಮೇ ತಿಂಗಳಲ್ಲೇ ಶುರುಮಾಡಿ. ಮುಂಗಾರಿಗೆ ಮೊದಲಿನ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಹಾರೆ ಸಲೀಸಾಗಿ ಇಳಿಯುತ್ತದೆ. ಮೂರು ಮಂದಿಗೆ ಒಂದು ಗುಂಡಿಯಂತೆ ವಾರಕ್ಕೆ ನಾಲ್ಕು ತೋಡಿದರೆ ಐದು ವಾರದಲ್ಲಿ ಇಪ್ಪತ್ತು ಮುಗಿಯುತ್ತವೆ. ಒಬ್ಬರ ಪಾಲಿಗೆ ಒಂದು ದಿನಕ್ಕೆ 100 ಕಿಲೋ ಮಣ್ಣು. ಇದು ಒಳ್ಳೆಯ ವ್ಯಾಯಾಮ. ಒಬ್ಬರು ಹಾರೆ ಹಿಡಿದರೆ ಇನ್ನೊಬ್ಬರು ಸಲಿಕೆ ಹಿಡಿಯಲಿ, ಮೂರನೆಯವರು ಸುಧಾರಿಸಿಕೊಳ್ಳಲಿ, ಹತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ಸಲಿಕೆಯನ್ನು ಅರ್ಧ ಮಾತ್ರ ತುಂಬಿ. ಮಣ್ಣು ಎಸೆಯುವಾಗ ಸೊಂಟ ತಿರುಚದೆ ಪಾದವನ್ನೇ ಅತ್ತ ತಿರುಗಿಸಿ. ಬಗ್ಗಿದ ಬೆನ್ನನ್ನು ಭಾರದೊಂದಿಗೆ ತಿರುಚಿದರೆ ಬೆನ್ನು ಹಿಡಿದುಕೊಳ್ಳುವ ಅಪಾಯ ಹೆಚ್ಚು. ಗುಂಡಿ ತೋಡುವ ಮೊದಲು ಅಲ್ಲಿ ನೀರಿನ ಪೈಪ್, ಕೇಬಲ್ ಹೋಗಿದೆಯೇ ಎಂದು ಪಾಲಿಕೆಯವರನ್ನು ಕೇಳಿ, ಒಪ್ಪಿಗೆಯನ್ನೂ ಪಡೆಯಿರಿ. ತೋಡಿದ ಗುಂಡಿಯನ್ನು ರಾತ್ರಿ ಬಾಯ್ದೆರೆದಂತೆ ಬಿಡಬೇಡಿ. ಮುಳ್ಳುಕಂಟಿಯನ್ನೋ ಹಲಗೆಯನ್ನೋ ಮುಚ್ಚಿ.

ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಹಾಕಿ, ಅದೇ ಫಲವತ್ತಾದದ್ದು. ಎರಡು ಮೂರು ಹದಮಳೆ ಆದ ಮೇಲೆ ಆ ಮಣ್ಣಿಗೆ ಒಂದು ಪುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ 8×12 ಇಂಚಿನ ಇಲ್ಲವೇ ಅದಕ್ಕಿಂತ ದೊಡ್ಡ ಚೀಲದ ಸಸಿ ಕೇಳಿ. ಪುಟ್ಟ ಚೀಲದ ಎಳೆ ಸಸಿ ರಸ್ತೆಬದಿಯ ದನ, ಮೇಕೆಗೆ ಉಳಿಯದು. ಹೊಂಗೆ, ಬೇವು ಬಯಲುಸೀಮೆಗೆ ಒಗ್ಗಿದವು. ವಿದ್ಯುತ್ ತಂತಿಯ ಕೆಳಗೆ ಎತ್ತರ ಬೆಳೆಯುವ ಯಾವ ಮರವೂ ಬೇಡ, ಹತ್ತು ವರ್ಷಕ್ಕೆ ಕೊಡಲಿ ಬಿದ್ದೇ ಬೀಳುತ್ತದೆ.

ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ಕಾರ್ಯಕ್ರಮದ ಗಡಿಬಿಡಿಯಲ್ಲಿ ಚೀಲ ಸಮೇತ ಇಟ್ಟ ಸಸಿಗಳು ಎಷ್ಟೋ ಕಡೆ ಸಿಗುತ್ತವೆ. ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿ. ಕಾಂಡ ಮತ್ತು ಬೇರು ಕೂಡುವ ಜಾಗ ನೆಲಮಟ್ಟಕ್ಕೇ ಇರಲಿ, ಅದನ್ನು ಹೂತರೆ ಕಾಂಡ ಕೊಳೆಯುತ್ತದೆ. ಊರುಗೋಲಿಗೆ ತೆಂಗಿನ ನಾರಿನ ಹಗ್ಗದಿಂದ ಸಡಿಲವಾಗಿ ಕಟ್ಟಿ. ಸುತ್ತ ಎರಡಡಿ ಅಗಲದ ಪಾತಿ ಮಾಡಿ ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ನಿಮ್ಮ ನಿಜವಾದ ವ್ಯಾಯಾಮ ಶುರುವಾಗುವುದು ಮಳೆ ನಿಂತ ಮೇಲೆ, ನವೆಂಬರ್‌ನಿಂದ. ವಾರಕ್ಕೆ ಸಸಿಗೆ 15 ಲೀಟರ್ ಎಂದರೆ ಇಪ್ಪತ್ತಕ್ಕೆ 300 ಲೀಟರ್. ಎರಡೂ ಕೈಯಲ್ಲಿ ಹತ್ತು ಹತ್ತು ಲೀಟರ್ ಕೊಡ ಹಿಡಿದರೆ ಹದಿನೈದು ಸುತ್ತು. ನಲ್ಲಿ 100 ಮೀಟರ್ ದೂರವಿದ್ದರೆ ಒಟ್ಟು 3 ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ 20 ಕಿಲೋ ಹೊತ್ತು. ಹಿಡಿತ, ಭುಜ, ಬೆನ್ನು, ತೊಡೆ ಎಲ್ಲಕ್ಕೂ ಇದಕ್ಕಿಂತ ಒಳ್ಳೆಯ ಕಸರತ್ತು ಜಿಮ್‌ನಲ್ಲೂ ಸಿಗುವುದು ಕಷ್ಟ. ನಾಲ್ವರಂತೆ ಮೂರು ತಂಡ ಮಾಡಿ ಸರದಿ ಹಾಕಿಕೊಳ್ಳಿ. ಹೊಸಬರು ಕೈಗೆ ಐದು ಲೀಟರ್‌ನಿಂದ ಶುರುಮಾಡಲಿ. ಒಂದೇ ಕೈಯಲ್ಲಿ ಕೊಡ ಹಿಡಿದು ವಾಲಿಕೊಂಡು ನಡೆಯಬೇಡಿ. ಎರಡು ಬೇಸಿಗೆ ಹೀಗೆ ನೀರು ಕಂಡರೆ ಹೊಂಗೆಯೂ ಬೇವೂ ಆಮೇಲೆ ತಮ್ಮ ಪಾಡಿಗೆ ತಾವು ಬದುಕಿಕೊಳ್ಳುತ್ತವೆ.

ಊರ ಹಳೆಯ ಕಲ್ಯಾಣಿಯ ಹೂಳೆತ್ತಲು ಯುವಕ ಸಂಘ ಮುಂದಾಗಿದೆ. ಮೊದಲ ದಿನವೇ ನಾಲ್ವರಿಗೆ ಬೆನ್ನು ಹಿಡಿದುಕೊಂಡಿತು. ತಪ್ಪೆಲ್ಲಿ? — ನಾಗಮಂಗಲ

ಪುಟ್ಟಿ ತುಂಬಿಸಿದ್ದರಲ್ಲಿ. ಒದ್ದೆ ಹೂಳು ಲೀಟರಿಗೆ ಸುಮಾರು 1.6 ಕಿಲೋ ತೂಗುತ್ತದೆ. ಹತ್ತು ಲೀಟರಿನ ಪುಟ್ಟಿ ತುಂಬಿದರೆ 16 ಕಿಲೋ, ಅದನ್ನು ಇನ್ನೂರು ಸಲ ಕೈ ದಾಟಿಸುತ್ತೀರಿ. ಅರ್ಧವೇ ತುಂಬಿ, ಸುತ್ತು ಹೆಚ್ಚಾದರೂ ಕೆಲಸ ನಿಲ್ಲುವುದಿಲ್ಲ. ಸಾಲಿನಲ್ಲಿ ತೋಳಳತೆಯ ಅಂತರದಲ್ಲಿ, ಒಬ್ಬರಿಗೊಬ್ಬರು ಎದುರಾಗುವಂತೆ ನಿಂತರೆ ಸೊಂಟ ತಿರುಚುವುದು ತಪ್ಪುತ್ತದೆ. ಕೆಳಗೆ ತೋಡುವವರನ್ನು ಕಾಲು ಗಂಟೆಗೊಮ್ಮೆ ಮೇಲಕ್ಕೆ ಕರೆಸಿ.

ಕಾಲಿಗೆ ಗಮ್‌ಬೂಟ್, ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು. ಹೂಳಿನಲ್ಲಿ ಒಡೆದ ಗಾಜು, ದೇವರ ಪಟದ ಚೌಕಟ್ಟಿನ ಮೊಳೆ ಇರುತ್ತವೆ. ಹತ್ತು ವರ್ಷದೊಳಗೆ ಟಿಟನಸ್ ಚುಚ್ಚುಮದ್ದು ಹಾಕಿಸಿಕೊಳ್ಳದವರು ಮೊದಲೇ ಹಾಕಿಸಿಕೊಳ್ಳಲಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ "ನಿಂತ ನೀರಿನಲ್ಲಿ ಇಳಿದಿದ್ದೆ" ಎಂದು ಮರೆಯದೆ ಹೇಳಿ. ಇಲಿ ಜ್ವರದ ಸುಳಿವು ಅವರಿಗೆ ಸಿಗುವುದು ಆ ಮಾತಿನಿಂದ. ಸಡಿಲ ಕಲ್ಲನ್ನು ಕೈಯಿಂದ ಎತ್ತುವ ಮುನ್ನ ಕೋಲಿನಿಂದ ಅಲುಗಿಸಿ, ಹಾವಿದ್ದರೆ ಜಾಗ ಬಿಡಲಿ.

ಮೆಟ್ಟಿಲ ಪಾಚಿಯನ್ನು ನಾರಿನ ಬ್ರಷ್‌ನಿಂದ ಉಜ್ಜಿ. ಆಸಿಡ್, ಬ್ಲೀಚಿಂಗ್ ಪುಡಿ ಕಲ್ಲಿಗೂ ಮೀನಿಗೂ ಹಾಳು. ಕಲ್ಯಾಣಿ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಕದಲಿಸಬೇಡಿ. ಇನ್ನೊಂದು ಮಾತು: ಇದೇ ಹುಮ್ಮಸ್ಸಿನಲ್ಲಿ ಪಾಳುಬಾವಿಗೆ ಇಳಿಯಬೇಡಿ. ತಳದಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಒಬ್ಬರು ಕುಸಿಯುತ್ತಾರೆ, ಎತ್ತಲು ಇಳಿದವರೂ ಕುಸಿಯುತ್ತಾರೆ. ಅದು ಸ್ವಯಂಸೇವಕರ ಕೆಲಸವಲ್ಲ.

ವಯಸ್ಸು 58. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಭಾನುವಾರ ಮೂರು ಗಂಟೆ ಶ್ರಮದಾನ ಮಾಡಿದರೆ ದಿನದ ನಡಿಗೆ ಬಿಡಬಹುದೇ? — ಶಿವಮೊಗ್ಗ

ಬಿಡಬೇಡಿ. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕಕ್ಕೆ ನಿಮ್ಮ ಮೂರು ಗಂಟೆ ಸಾಕು. ಆದರೆ ಶ್ರಮದಿಂದ ಸ್ನಾಯುಗಳು ಸಕ್ಕರೆ ಹೀರುವ ಗುಣ ಒಂದೆರಡು ದಿನ ಮಾತ್ರ ಉಳಿಯುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ಸುಮ್ಮನೆ ಕೂರಬಾರದು. ಭಾನುವಾರದ ಕೆಲಸವನ್ನು, ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ವಾರದಲ್ಲಿ ಬೇಕಾದ ಎರಡು ದಿನಗಳಲ್ಲಿ ಒಂದೆಂದು ಎಣಿಸಿ, ನಡಿಗೆ ಇರಲಿ.

ಗ್ಲಿಮೆಪಿರೈಡ್ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಗುದ್ದಲಿ ಹಿಡಿಯಬೇಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ನಡುಕ, ತಣ್ಣನೆ ಬೆವರು, ಮಂಕು ಕಂಡರೆ 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆಯಷ್ಟು ತಿಂದು, 15 ನಿಮಿಷದ ಬಳಿಕ ಪರೀಕ್ಷಿಸಿ. ಬಿಸಿಲಿನಲ್ಲಿ ಎಲ್ಲರೂ ಬೆವರುವಾಗ ಈ ಬೆವರು ಗೊತ್ತಾಗದೆ ಹೋಗುತ್ತದೆ, ಹಾಗಾಗಿ ಜೊತೆಯವರಿಗೆ ಮೊದಲೇ ತಿಳಿಸಿ. ಹೆಚ್ಚು ದುಡಿದ ದಿನ ಸಕ್ಕರೆ ರಾತ್ರಿಯೂ ಇಳಿಯಬಹುದು. ಅಂಥ ದಿನದ ಮಾತ್ರೆಯ ಪ್ರಮಾಣವನ್ನು ನಿಮ್ಮ ವೈದ್ಯರನ್ನೇ ಕೇಳಿ. ಬರಿಗಾಲು ಬೇಡವೇ ಬೇಡ. ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ.

ಜಾಗಿಂಗ್ ಮಾಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ ಶುರುಮಾಡಬೇಕು. ಏನೇನು ಬೇಕು? — ಮೈಸೂರು

2016ರಲ್ಲಿ ಸ್ವೀಡನ್‌ನಲ್ಲಿ ಎರಿಕ್ ಆಲ್‌ಸ್ಟ್ರೋಮ್ ಶುರುಮಾಡಿದ ಈ ರೂಢಿ 2019ರ ಗಾಂಧಿ ಜಯಂತಿಯಂದು ಫಿಟ್ ಇಂಡಿಯಾ ಓಟದ ಮೂಲಕ ನಮ್ಮಲ್ಲೂ ಹೆಸರಾಯಿತು. ಇಬ್ಬರಿಗೆ ಒಂದು ಜೊತೆ ಹಳೆಯ ಅಕ್ಕಿ ಚೀಲ, ರಬ್ಬರ್ ಲೇಪದ ಗ್ಲೌಸ್, ಮೊಣಕಾಲಿಗಿಂತ ಉದ್ದದ ಚಿಮುಟ ಸಾಕು. ಹೆಕ್ಕಲು ನಿಂತಾಗಲೆಲ್ಲ ಎದೆಬಡಿತ ಇಳಿಯುವುದರಿಂದ, ಕಸವಿಲ್ಲದ ಕಡೆ ಹತ್ತು ನಿಮಿಷ ಬಿಡದೆ ಓಡಿ, ಕಸವಿರುವ 200 ಮೀಟರ್‌ನಲ್ಲಿ ನಿಧಾನಿಸಿ. ಪ್ರತಿ ಸಲ ಒಂದೇ ಕಾಲು ಮುಂದಿಟ್ಟು ಬಗ್ಗುವ ಚಾಳಿ ಎಲ್ಲರಿಗೂ ಇರುತ್ತದೆ. ಕಾಲೂ ಕೈಯೂ ಬದಲಿಸಿ, ಮಂಡಿ ಮಡಿಸಿ.

ಸಿರಿಂಜ್, ಬಳಸಿದ ಪ್ಯಾಡ್, ಮುಚ್ಚಿದ ಕ್ಯಾನ್ ಮುಟ್ಟಬೇಡಿ. ಆರೋಗ್ಯ ನಿರೀಕ್ಷಕರಿಗೆ ಜಾಗ ತಿಳಿಸಿ. ಎಲ್ಲಕ್ಕಿಂತ ದೊಡ್ಡ ತಪ್ಪು, ತುಂಬಿದ ಚೀಲವನ್ನು ರಸ್ತೆ ಮೂಲೆಯಲ್ಲಿ ಬಿಟ್ಟು ಹೋಗುವುದು. ನಾಯಿ, ದನ ಅದನ್ನು ಹರಿದು ಮೊದಲಿಗಿಂತ ಹೆಚ್ಚು ಹರಡುತ್ತವೆ. ಕಸದ ಗಾಡಿ ಬರುವ ಹೊತ್ತು ತಿಳಿದು ಅದಕ್ಕೆ ಮುಗಿಯುವಂತೆ ಓಡಿ, ಒಣಕಸವನ್ನು ಪೌರಕಾರ್ಮಿಕರ ಕೈಗೇ ಕೊಡಿ. ಒಂದೇ ಮೂಲೆ ಮತ್ತೆ ಮತ್ತೆ ತಿಪ್ಪೆಯಾಗುತ್ತಿದ್ದರೆ ಹೆಕ್ಕುವುದೊಂದೇ ಸಾಲದು. ಬೆಂಗಳೂರಿನಲ್ಲಿ 'ದಿ ಅಗ್ಲಿ ಇಂಡಿಯನ್' ಬಳಗ ಮಾಡಿದಂತೆ ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡ ಇಟ್ಟು ಆ ಜಾಗದ ಚಹರೆಯನ್ನೇ ಬದಲಿಸಬೇಕು.

ಕೆಲಸಕ್ಕೆಂದು ಲಂಡನ್‌ಗೆ ಬಂದಿರುವ ಕನ್ನಡತಿ ನಾನು. ಇಲ್ಲಿ ಇಂಥ ಅವಕಾಶ ಇದೆಯೇ? — ಲಂಡನ್

ಬೇಕಾದಷ್ಟಿದೆ. ಗುಡ್‌ಜಿಮ್ ಬಳಗದವರು ಗುಂಪಾಗಿ ಓಡಿ ಒಂದು ಸಮುದಾಯ ತೋಟಕ್ಕೋ ಫುಡ್ ಬ್ಯಾಂಕ್‌ಗೋ ಹೋಗಿ, ಅಲ್ಲಿ ಮಣ್ಣು ಹೊತ್ತು, ಪೆಟ್ಟಿಗೆ ಜೋಡಿಸಿ ಓಡಿಯೇ ಮರಳುತ್ತಾರೆ. ಒಂಟಿ ಹಿರಿಯರ ಮನೆಗೆ ಓಡಿ ಹೋಗಿ ಮಾತಾಡಿಸಿ ಬರುವ ಕ್ರಮವೂ ಇದೆ. ಅದಕ್ಕೆ ಹಿನ್ನೆಲೆ ಪರಿಶೀಲನೆ ಆಗಬೇಕು. ಓಟ ಒಗ್ಗದಿದ್ದರೆ ಪಾರ್ಕ್‌ರನ್ ನೋಡಿ. 2004ರ ಅಕ್ಟೋಬರ್ 2ರಂದು ಬುಶಿ ಪಾರ್ಕ್‌ನಲ್ಲಿ ಆರಂಭವಾದ, ಓಡಲೂ ನಡೆಯಲೂ ಬಹುದಾದ ಈ 5 ಕಿಲೋಮೀಟರ್ ಕೂಟ ಇಂಗ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಡೆಯುತ್ತದೆ, ಶುಲ್ಕವಿಲ್ಲ, ನಡೆಸುವವರು ಸ್ವಯಂಸೇವಕರು. ಎಲ್ಲರಿಗಿಂತ ಕೊನೆಯಲ್ಲಿ ನಡೆಯುವ ಹೊಣೆ ಕೇಳಿ ಪಡೆದರೆ ಪೂರಾ ದೂರದ ನಡಿಗೆಯೂ ಆಗುತ್ತದೆ, ಸೇವೆಯೂ ಆಗುತ್ತದೆ.

ನಮ್ಮ ಸಂಘದ ಶ್ರಮದಾನದ ದಿನವೇ ರಕ್ತದಾನ ಶಿಬಿರ ಇಟ್ಟಿದ್ದಾರೆ. ಎರಡೂ ಮಾಡಬಹುದೇ? — ಹುಬ್ಬಳ್ಳಿ

ಒಂದೇ ದಿನ ಬೇಡ. ಬೆವರು ಸುರಿದ ಮೈಯಿಂದ 350 ಮಿಲಿಲೀಟರ್ ರಕ್ತ ತೆಗೆದರೆ ತಲೆಸುತ್ತಿ ಬೀಳಬಹುದು. ರಕ್ತ ಕೊಟ್ಟು ಗುದ್ದಲಿ ಹಿಡಿದರೆ ಸೂಜಿ ಚುಚ್ಚಿದ ಜಾಗದಿಂದ ಮತ್ತೆ ರಕ್ತ ಬರಬಹುದು. ಕೊಟ್ಟ ಮೇಲೆ 24 ಗಂಟೆ ಭಾರ ಎತ್ತಬೇಡಿ, ನೀರು, ಮಜ್ಜಿಗೆ ಧಾರಾಳವಾಗಿ ಕುಡಿಯಿರಿ. ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಲೇಬೇಕು. ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಕೆಂಪು ರಕ್ತಕಣ ತುಂಬಿಕೊಳ್ಳಲು ವಾರಗಳೇ ಹಿಡಿಯುವುದರಿಂದ ಮುಂದಿನ ಎರಡು ಮೂರು ಭಾನುವಾರ ಬೇಗ ಏದುಸಿರು ಬರುವುದು ಸಹಜ. ಅಷ್ಟು ದಿನ ಹಾರೆ ಬಿಟ್ಟು ನೀರು ಹಾಕುವ, ಪಾತಿ ಮಾಡುವ ಕೆಲಸ ಹಿಡಿಯಿರಿ. ಶಿಬಿರವನ್ನು ಒಂದು ವಾರ ಮುಂದಕ್ಕೆ ಹಾಕುವಂತೆ ಸಂಘದವರನ್ನು ಈಗಲೇ ಕೇಳಿ.