ಹಳೇ ಮಾಜ್ದಾ ಎಂಎಕ್ಸ್-5: ಬಿಸಿಯಾದ ಮೇಲೆ ಗೇರ್ ಬೀಳುತ್ತಿಲ್ಲ, ಗೇರ್‌ಬಾಕ್ಸ್ ಇಳಿಸಬೇಕಾ?

ಬೇಡ. ಸದ್ಯಕ್ಕಂತೂ ಬೇಡವೇ ಬೇಡ.

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಮೊದಲ ತಲೆಮಾರಿನ ಎಂಎಕ್ಸ್-5, ನಿಮ್ಮ ಮಾವ ಇಂಗ್ಲೆಂಡಿನಿಂದ ವಾಪಸ್ ಬರುವಾಗ ತಂದದ್ದು. ಮಳೆಗಾಲ ಪೂರ್ತಿ ವಿರಾಜಪೇಟೆ ಹತ್ತಿರದ ತೋಟದ ಮನೆಯ ಶೆಡ್ಡಿನಲ್ಲಿ ನಿಂತಿತ್ತು. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಹೊರಗೆ ತೆಗೆದಿರಿ. ಬೆಳಿಗ್ಗೆ ಸರಿಯಾಗಿಯೇ ಇರುತ್ತದೆ. ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿಯಲ್ಲಿ ಅರ್ಧ ಗಂಟೆ ಓಡಿಸಿದರೆ ನಿಂತಲ್ಲಿ ಒಂದನೇ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಗರಗರ ಅನ್ನುತ್ತದೆ, ಸೆಕೆಂಡ್ ಕೂಡ ತಡೆಯುತ್ತದೆ. ಮೆಕ್ಯಾನಿಕ್ 'ಸಿಂಕ್ರೋ ಹೋಗಿದೆ, ಬಾಕ್ಸ್ ಇಳಿಸಬೇಕು' ಅಂದಿದ್ದಾರೆ. (ಸಿಂಕ್ರೋ ಅಂದರೆ ಗೇರ್ ಕೂರುವ ಮುಂಚೆ ತಿರುಗುವ ವೇಗ ಸರಿದೂಗಿಸುವ, ಬಾಕ್ಸ್ ಒಳಗಿನ ಉಂಗುರ.)

ನಾನು ಗೋಣಿಕೊಪ್ಪ ಕಡೆಯವನು. ಹಳೇ ಜೀಪು, ಕಾರು ಬಿಚ್ಚಿ ಜೋಡಿಸುವ ಹುಚ್ಚು ಬಹಳ ವರ್ಷದಿಂದ ಇದೆ. ಇದೇ ಕಾರು ಸ್ನೇಹಿತರೊಬ್ಬರ ಹತ್ತಿರ ಇದೆ, ಅದರ ಕೆಳಗೆ ಮಲಗಿ ಕೆಲಸ ಮಾಡಿದ್ದೇನೆ. ನೀವು ಹೇಳಿದ ಲಕ್ಷಣ ಓದಿದರೆ ನನ್ನ ಅನುಮಾನ ಗೇರ್‌ಬಾಕ್ಸ್ ಮೇಲೆ ಹೋಗುವುದಿಲ್ಲ. ಕ್ಲಚ್ ಪೂರ್ತಿ ಕಟ್ ಆಗುತ್ತಿಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್‌ನಿಂದ ಬಾಕ್ಸ್ ಪೂರ್ತಿ ಬೇರೆಯಾಗುತ್ತಿಲ್ಲ.

ಯಾಕೆ ಅಂದರೆ, ಸಿಂಕ್ರೋ ಸವೆದಿದ್ದರೆ ಸಾಮಾನ್ಯವಾಗಿ ಒಂದೋ ಎರಡೋ ಗೇರ್ ಮಾತ್ರ ತಕರಾರು ಮಾಡುತ್ತವೆ. ಅದೂ ಓಡುತ್ತಿರುವಾಗ, ಎಣ್ಣೆ ತಣ್ಣಗಿದ್ದಾಗ ಜಾಸ್ತಿ. ಈ ಕಾರಿನಲ್ಲಿ ಬೆಳಿಗ್ಗೆ ಸೆಕೆಂಡ್ ಗೇರ್ ಸ್ವಲ್ಪ ಮೊಂಡು ಹಿಡಿಯುವುದು ಮಾಮೂಲು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮದು ತಿರುಗಾಮುರುಗ. ತಣ್ಣಗಿದ್ದಾಗ ಚೆನ್ನಾಗಿದೆ, ಬಿಸಿಯಾದ ಮೇಲೆ ಕೆಡುತ್ತದೆ. ಜೊತೆಗೆ ನಿಂತಲ್ಲೇ ಒಂದನೇ ಗೇರ್ ಮತ್ತು ರಿವರ್ಸ್ ಎರಡೂ ಕೈಕೊಡುತ್ತಿವೆ. ಪೆಡಲ್ ಒತ್ತಿದರೂ ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗುವ ಚಕ್ರ) ಸ್ವಲ್ಪ ತಾಗಿಕೊಂಡೇ ಇದ್ದರೆ ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇರುತ್ತದೆ. ತಿರುಗುವ ಶಾಫ್ಟ್‌ಗೆ ಒಂದನೇ ಗೇರ್ ಹೇಗೆ ಕೂರಬೇಕು, ಹೇಳಿ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಕ್ಲಚ್ ಪೆಡಲ್ ಕೆಳಗಿನ ಮ್ಯಾಟ್ ಎತ್ತಿ ನೋಡಿ. ನಗಬೇಡಿ. ಮಳೆಗಾಲದಲ್ಲಿ ಕೆಸರಿನ ಕಾಲು ಅಂತ ಮ್ಯಾಟ್ ಮೇಲೆ ಮ್ಯಾಟ್, ಅದರ ಮೇಲೆ ಗೋಣಿಚೀಲ ಹಾಸುವ ಊರು ನಮ್ಮದು. ಪೆಡಲ್ ಕೊನೇ ಒಂದು ಇಂಚು ಕೆಳಗೆ ಹೋಗದಿದ್ದರೂ ಹೀಗೇ ಆಗುತ್ತದೆ.

ಅದು ಸರಿ ಇದ್ದರೆ ಕಾರನ್ನು ಚೆನ್ನಾಗಿ ಓಡಿಸಿ, ತೊಂದರೆ ಶುರುವಾದ ಮೇಲೆ ಸೀದಾ ನಿಮ್ಮ ಕಾಫಿ ಕಣಕ್ಕೆ ತನ್ನಿ. ಕುಯ್ಲು ಶುರುವಾಗುವ ತನಕ ಕಣ ಖಾಲಿ ಇರುತ್ತದೆ ಅಲ್ವಾ. ಸಮತಟ್ಟಾದ ನೆಲ, ಈ ಪರೀಕ್ಷೆಗೆ ನಮ್ಮ ಕಡೆ ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ.

ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್ ಹಾಕಿ ನೋಡಿ. ಎಲ್ಲವೂ ಸಲೀಸಾಗಿ ಬಿದ್ದರೆ ಲಿವರ್, ಫೋರ್ಕ್, ಒಳಗಿನ ರಾಡುಗಳು ಬಹುತೇಕ ಸರಿ ಇವೆ. ಈಗ ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಕ್ಲಚ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡ್ ಕಾದು, ನಿಧಾನವಾಗಿ ರಿವರ್ಸ್ ಹಾಕಿ. ಕ್ಲಚ್ ಕಟ್ ಆಗಿದ್ದರೆ ಅಷ್ಟರಲ್ಲಿ ಶಾಫ್ಟ್ ನಿಂತಿರಬೇಕು, ಸದ್ದಿಲ್ಲದೆ ಬೀಳಬೇಕು. ಗರಗರ ಅಂದರೆ ಶಾಫ್ಟ್ ಇನ್ನೂ ತಿರುಗುತ್ತಿದೆ ಅಂತ. ಆಫ್ ಇದ್ದಾಗ ಸರಿ, ಆನ್ ಇದ್ದಾಗ ತೊಂದರೆ ಅಂದರೆ ಬಾಕ್ಸ್ ಬಿಟ್ಟು ಕ್ಲಚ್ ಕಡೆ ಹೋಗಿ.

ಇನ್ನೂ ಎರಡು ಆಟ ಇವೆ. ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಪಂಪ್ ಮಾಡಿ ತಕ್ಷಣ ಗೇರ್ ಹಾಕಿ. ಆಗ ಬಿದ್ದರೆ ಕ್ಲಚ್‌ನ ಆಯಿಲ್ ಪೈಪಿನಲ್ಲಿ ಗಾಳಿ ಇದೆ, ಇಲ್ಲವೇ ಆ ಆಯಿಲ್ ತಳ್ಳುವ ಸಿಲಿಂಡರ್ ಒತ್ತಡ ಬಿಡುತ್ತಿದೆ. ಇನ್ನೊಂದು, ಒಂದನೇ ಗೇರ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಹಾಗೇ ಹಿಡಿದುಕೊಂಡಿರಿ. ಮುಂದೆ ಗೋಡೆ, ನಾಯಿ ಏನೂ ಇರಬಾರದು. ಸ್ವಲ್ಪ ಹೊತ್ತಿಗೆ ಕಾರು ತಾನಾಗಿ ಮುಂದೆ ತೆವಳಲು ಶುರು ಮಾಡಿದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಕಡೆಯ ಸಿಲಿಂಡರ್) ಒಳಗಿನ ರಬ್ಬರ್ ಕಪ್ ಸೋತಿರುವ ಸಾಧ್ಯತೆ ಜಾಸ್ತಿ. ಹೊರಗೆ ಒಂದು ಹನಿಯೂ ಸೋರದೆ ಎಣ್ಣೆ ಒಳಗೊಳಗೇ ಹಿಂದಕ್ಕೆ ಜಾರುತ್ತಿರುತ್ತದೆ. ಇಂಥ ಮಾಸ್ಟರ್ ಪೆಡಲನ್ನು ದಡಕ್ಕನೆ ಒತ್ತಿದಾಗ ಕೆಲಸ ಮಾಡುತ್ತದೆ, ನಿಧಾನವಾಗಿ ಒತ್ತಿದಾಗ ಮಾಡುವುದಿಲ್ಲ. ಎಷ್ಟೋ ಸಲ ಗ್ಯಾರೇಜಿನಲ್ಲಿ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುವುದು ಹೀಗೆ.

ಈ ಕಾರಿನ ಕ್ಲಚ್ ಕೇಬಲ್‌ದಲ್ಲ, ಹೈಡ್ರಾಲಿಕ್. ಪೆಡಲ್ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಬ್ರೇಕ್ ಆಯಿಲ್ ಪೈಪಿನಲ್ಲಿ ಹೋಗಿ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರನ್ನು ಒತ್ತುತ್ತದೆ, ಅದರ ರಾಡು ಕ್ಲಚ್ ಫೋರ್ಕನ್ನು ತಳ್ಳುತ್ತದೆ. ಮೊದಲ ತಲೆಮಾರಿನ ಎಂಎಕ್ಸ್-5ಗಳಲ್ಲಿ ಸ್ಲೇವ್ ಸಿಲಿಂಡರ್ ಕೆಡುವುದು ಲೋಕಪ್ರಸಿದ್ಧ. ಜಪಾನಿನಲ್ಲೂ ಕೆಡುತ್ತದೆ, ಇಂಗ್ಲೆಂಡಿನಲ್ಲೂ ಕೆಡುತ್ತದೆ. ನಮ್ಮ ಕೊಡಗಿನಲ್ಲಿ ಕೆಡದೆ ಇರುತ್ತದೆಯೇ? ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಜೂನ್‌ನಿಂದ ಕಕ್ಕಡ ತಿಂಗಳು ಕಳೆಯುವವರೆಗೆ ಶೂ ಒಳಗೂ ಬೂಷ್ಟು ಬರುವ ಜಾಗದಲ್ಲಿ ಕಾರು ಕದಲದೆ ನಿಂತರೆ ಆ ತೇವ ಸಿಲಿಂಡರಿನಲ್ಲೇ ಉಳಿದು ಒಳಗೋಡೆಯನ್ನು ತಿನ್ನುತ್ತದೆ. ಅಲ್ಲಿ ಸಣ್ಣ ಗುಳಿ ಬೀಳುತ್ತದೆ. ಆಮೇಲೆ ನೀವು ಕಾರು ತೆಗೆದಾಗ ರಬ್ಬರ್ ಕಪ್ ಆ ಗುಳಿಯ ಮೇಲೆ ಉಜ್ಜಿ ಹರಿಯುತ್ತದೆ. ಬಿಸಿಯಾದಾಗ ಆಯಿಲ್ ತೆಳುವಾಗುತ್ತದೆ, ಸೋರುವುದು ಹೆಚ್ಚಾಗುತ್ತದೆ. ನಿಮ್ಮ 'ಅರ್ಧ ಗಂಟೆ' ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ.

ನೋಡುವುದು ಸುಲಭ. ಬಾನೆಟ್ ಎತ್ತಿ. ಬ್ರೇಕ್ ಡಬ್ಬಿ ಅಲ್ಲದೆ ಕ್ಲಚ್‌ಗೇ ಬೇರೆ ಚಿಕ್ಕ ಡಬ್ಬಿ ಇದೆ. ಮಟ್ಟ ಇಳಿದಿದ್ದರೆ, ಆಯಿಲ್ ಕರ್ರಗಾಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಒಳಗೆ ಪೆಡಲ್ ಮೇಲಿನ ರಾಡು ಗೋಡೆಯೊಳಗೆ ಹೋಗುವ ಜಾಗಕ್ಕೆ ಟಾರ್ಚ್ ಬಿಡಿ. ಒದ್ದೆ ಇದ್ದರೆ ಮಾಸ್ಟರ್. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ) ಸ್ಲೇವ್‌ನ ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿ. ಒಳಗಿಂದ ಆಯಿಲ್ ತೊಟ್ಟಿಕ್ಕಿದರೆ ಸ್ಲೇವ್. ಒಬ್ಬರನ್ನು ಪೆಡಲ್ ಒತ್ತಲು ಹೇಳಿ ರಾಡು ಎಷ್ಟು ಸರಿಯುತ್ತದೆ ನೋಡಿ. ಅರ್ಧ ಇಂಚಿನ ಆಸುಪಾಸು ಬರಬೇಕು. ತೀರಾ ಕಡಿಮೆ ಬಂದರೆ ತೊಂದರೆ ಹೈಡ್ರಾಲಿಕ್‌ನಲ್ಲೇ ಇದೆ. ಇದನ್ನೂ ಬಿಸಿಯಾದ ಮೇಲೆಯೇ ಅಳೆಯಿರಿ. ಬೆಳಿಗ್ಗೆ ಅಳೆದರೆ ಸರಿ ಅಂತಲೇ ತೋರಿಸುತ್ತದೆ.

ಯಾರಾದರೂ 'ಪೆಡಲ್ ರಾಡು ಉದ್ದ ಮಾಡಿ ಕೊಡ್ತೇನೆ, ಸರಿ ಹೋಗ್ತದೆ' ಅಂದರೆ ಒಪ್ಪಬೇಡಿ. ಸ್ವಲ್ಪ ದಿನ ಗೇರ್ ಬೀಳುತ್ತದೆ, ನಿಜ. ಆದರೆ ಫ್ರೀ ಪ್ಲೇ (ಒತ್ತಡ ಶುರುವಾಗುವ ಮುಂಚಿನ ಪೆಡಲ್‌ನ ಖಾಲಿ ಆಟ) ಹೋಗುತ್ತದೆ, ಮಾಸ್ಟರ್ ಪೂರ್ತಿ ಹಿಂದೆ ಬರುವುದಿಲ್ಲ, ಕೊನೆಗೆ ಘಾಟಿ ಹತ್ತುವಾಗ ಕ್ಲಚ್ ಸ್ಲಿಪ್ ಆಗಿ ಪ್ಲೇಟ್ ಸುಡುತ್ತದೆ.

ಕೆಟ್ಟಿರುವುದು ಒಂದೇ ಆದರೂ ಮಾಸ್ಟರ್, ಸ್ಲೇವ್, ರಬ್ಬರ್ ಹೋಸ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಹೊಸದಾದರೆ ಇನ್ನೊಂದು ಹಳೆಯದು ಬೇಗ ಹೋಗುತ್ತದೆ. ಮಾಜ್ದಾ ಇಲ್ಲಿ ಕಾರು ಮಾರುವುದಿಲ್ಲ, ಹಾಗಾಗಿ ಹೊರಗಿಂದ ತರಿಸಬೇಕು. ಬೇರೆ ಕಾರಿನ ಕಪ್ ಹೊಂದಿಸಿ ಹಾಕಬಹುದು, ಆದರೆ ಒಳಗೋಡೆ ಗುಳಿ ಬಿದ್ದಿದ್ದರೆ ಹೊಸ ಕಪ್ಪೂ ಬಾಳುವುದಿಲ್ಲ. ಆಯಿಲ್ ಹೊಸ ಡಬ್ಬಿಯದ್ದೇ ಹಾಕಿ, ಡಾಟ್ 3 ಅಥವಾ ಡಾಟ್ 4. ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ, ಪೇಂಟ್ ಎದ್ದುಬಿಡುತ್ತದೆ.

ಇಷ್ಟಾದ ಮೇಲೂ, ರಾಡು ಪೂರ್ತಿ ಸರಿದರೂ ಕ್ಲಚ್ ಕಟ್ ಆಗದಿದ್ದರೆ ಮಾತ್ರ ತೊಂದರೆ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಬಾಕ್ಸ್ ಮುಂಭಾಗದ ಕವಚ) ಒಳಗಿದೆ. ಫೋರ್ಕ್ ಬಗ್ಗಿರಬಹುದು, ಪೈಲಟ್ ಬೇರಿಂಗ್ ಹಿಡಿದಿರಬಹುದು, ಪ್ರೆಶರ್ ಪ್ಲೇಟ್ ಸೋತಿರಬಹುದು, ಶಾಫ್ಟ್‌ನ ತುಕ್ಕು ಹಿಡಿದ ಸ್ಪ್ಲೈನ್ (ಉದ್ದುದ್ದ ಹಲ್ಲು) ಮೇಲೆ ಕ್ಲಚ್ ಪ್ಲೇಟ್ ಜಾರದೆ ಇರಬಹುದು. ಆಗ ಬಾಕ್ಸ್ ಇಳಿಸಲೇಬೇಕು. ಆದರೆ ಇದು ಜೀಪಿನ ಬಾಕ್ಸ್ ಅಲ್ಲ. ಗೇರ್‌ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೂ ಅಲ್ಯೂಮಿನಿಯಂ ಫ್ರೇಮ್ ಒಂದು ಎರಡನ್ನೂ ಹಿಡಿದುಕೊಂಡಿರುತ್ತದೆ. ಅದನ್ನು ಬಿಚ್ಚಬೇಕು. ಮತ್ತೆ ಕಟ್ಟುವಾಗ ಎತ್ತರ ಅಳೆದು ಕೂರಿಸದಿದ್ದರೆ ಕಾರು ನಡುಗುತ್ತದೆ. ಅನುಮಾನದ ಮೇಲೆ ಮಾಡುವ ಕೆಲಸ ಇದಲ್ಲ ಅಂದದ್ದು ಅದಕ್ಕೇ.

ಕ್ಲಚ್ ಸರಿ ಹೋದ ಮೇಲೂ ಸೆಕೆಂಡ್ ತಡೆಯುತ್ತಿದ್ದರೆ ಡಬಲ್ ಕ್ಲಚ್ ಮಾಡಿ ನೋಡಿ, ಅಂದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಿ ಗೇರ್ ಹಾಕಿ. ನಮ್ಮ ಹಳೇ ಜೀಪ್ ಡ್ರೈವರ್‌ಗಳಿಗೆ ಇದು ರಕ್ತದಲ್ಲೇ ಇದೆ, ಅವರನ್ನೇ ಕೇಳಿ. ಹಾಗೆ ಮಾಡಿದಾಗ ಸದ್ದಿಲ್ಲದೆ ಬಿದ್ದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಸಿಂಕ್ರೋ ವಿಷಯಕ್ಕೆ ಬರೋಣ. ಆದರೂ ಮೊದಲು ಎಣ್ಣೆ ಬದಲಾಯಿಸಿ. ಬಾಕ್ಸ್‌ಗೆ ಎರಡು ಲೀಟರ್ ಹಿಡಿಯುತ್ತದೆ, ನಾನಾದರೆ 75ಡಬ್ಲ್ಯೂ-90 ಜಿಎಲ್-4 (ಗೇರ್ ಎಣ್ಣೆಯ ದರ್ಜೆ) ಹಾಕುತ್ತೇನೆ. ಡಿಫರೆನ್ಷಿಯಲ್‌ಗೆ ಅಂತ ಅಂಗಡಿಯವರು ಕೊಡುವ ಜಿಎಲ್-5 ಜಾಸ್ತಿ ಜಾರಬಹುದು, ಸಿಂಕ್ರೋಗೆ ಹಿಡಿತ ಕಡಿಮೆಯಾಗಬಹುದು.

ಲಿವರ್ ಬುಡದಲ್ಲಿ ಇನ್ನೊಂದು ಪುಟ್ಟ ಬಾವಿ ಇದೆ. ಅದರ ಎಣ್ಣೆ ಬೇರೆ, ಬಾಕ್ಸ್ ಎಣ್ಣೆ ಬದಲಿಸಿದರೆ ಅದು ಬದಲಾಗುವುದಿಲ್ಲ. ಎಷ್ಟೋ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಒಳಗಿಂದ ಕನ್ಸೋಲ್ ಬಿಚ್ಚಿ ಲಿವರ್ ಮೇಲಕ್ಕೆ ಎಳೆದರೆ ಸಿಗುತ್ತದೆ. ಹಳೇ ಎಣ್ಣೆ ಸಿರಿಂಜಿನಲ್ಲಿ ತೆಗೆದು ಹೊಸದು ಹಾಕಿ, ತುದಿಯ ಪ್ಲಾಸ್ಟಿಕ್ ಬುಷ್ ಬದಲಿಸಿ. ಅಲ್ಲಿನ ರಬ್ಬರ್ ಬೂಟ್ ಹರಿದಿದ್ದರೆ ಕಾಲಿಗೆ ಬಿಸಿಗಾಳಿ ಹೊಡೆಯುತ್ತಿರುತ್ತದೆ, ಅದನ್ನೂ ಹಾಕಿಬಿಡಿ.

ಕಣದಲ್ಲಿ ಪರೀಕ್ಷೆ ಮಾಡಿ, ರಾಡು ಬಿಸಿಯಾಗಿದ್ದಾಗ ಎಷ್ಟು ಸರಿಯಿತು ಅಂತ ಬರೆಯಿರಿ. ಯಾವ ಪಾರ್ಟ್ ತರಿಸಬೇಕು ಅನ್ನುವುದು ಅದರ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಮಾಕುಟ್ಟ ಕಡೆ ಒಯ್ಯಬೇಡಿ. ಆ ತಿರುವಿನಲ್ಲಿ ಗೇರ್ ಬೀಳದೆ ನಿಂತರೆ ಹಿಂದೆ ಕೇರಳದ ಲಾರಿ ಸಾಲು ನಿಲ್ಲುತ್ತದೆ.